ದೊಡ್ಡಪ್ಪನ ರಾಹುಕಾಲ

ತುಮಕೂರಿನಲ್ಲಿ ರಾಹುವಿನ ಜೊತೆ ನೇರ ವ್ಯವಹಾರ ಇಟ್ಟುಕೊಂಡವರು ಯಾರಾದರೂ ಇದ್ದರೆ ಅದು ನಮ್ಮ ದೊಡ್ಡಪ್ಪ ಒಬ್ಬರೇ. ನಗಬೇಡಿ. ಮುಕ್ಕಾಲು ಆಯುಷ್ಯ ಅವರು ರಾಹುವಿಗೆ ಹೆದರಿಕೊಂಡು ಬದುಕಿದರು, ಆಮೇಲೆ ಆ ರಾಹುವನ್ನೇ ಹೆದರಿಸಲು ಹೊರಟರು. ಎರಡರಿಂದಲೂ ರಾಹುವಿನ ಕೂದಲು ಕೂಡ ಕೊಂಕಿದಂತೆ ಕಾಣಲಿಲ್ಲ. ಕೊಂಕಿದ್ದು ನಮ್ಮ ದೊಡ್ಡಮ್ಮನ ಬಾಯಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಈಗಲೇ ಹೇಳಿದರೆ ನನಗೆ ಸಿಟ್ಟು ಬಂದು ನಿಮ್ಮನ್ನು ನಗಿಸುವುದು ಕಷ್ಟವಾಗುತ್ತದೆ.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಊರು ಗೂಳೂರು. ನಮ್ಮಪ್ಪ ಊರಿನಲ್ಲೇ ತೆಂಗಿನ ತೋಟ ನೋಡಿಕೊಂಡು ಉಳಿದರು. ದೊಡ್ಡಪ್ಪ ಇಂಜಿನಿಯರಿಂಗ್ ಓದಿ, ಕರೆಂಟ್ ಆಫೀಸು ಸೇರಿ, ತುಮಕೂರಿನಲ್ಲಿ ಮನೆ ಕಟ್ಟಿದರು. ಹೈಸ್ಕೂಲಿಗೆ ಸೇರಿದಾಗಿನಿಂದ ಮದುವೆಯಾಗಿ ಹೋಗುವವರೆಗೂ ನಾನು ಬೆಳೆದದ್ದು ಆ ಮನೆಯಲ್ಲೇ. ಆದ್ದರಿಂದ ನನಗೆ ಬೀಜಗಣಿತಕ್ಕಿಂತ ಮೊದಲು ವಾರಶೂಲೆ ಬಾಯಿಪಾಠವಾಯಿತು. ಸೋಮವಾರ ಪೂರ್ವಕ್ಕೆ ಹೋಗಬಾರದು, ಗುರುವಾರ ದಕ್ಷಿಣಕ್ಕೆ ಹೋಗಬಾರದು. ನನ್ನ ಸ್ಕೂಲು ಇದ್ದದ್ದು ಮನೆಯ ಪೂರ್ವಕ್ಕೆ. ಸೋಮವಾರ ಬಂದರೆ ನಾನು ಮೊದಲು ಪಶ್ಚಿಮಕ್ಕೆ ಹೊರಟು, ಅರ್ಧ ಬಡಾವಣೆ ಸುತ್ತಿ, ಬೆಲ್ಲು ಹೊಡೆದ ಮೇಲೆ ಸ್ಕೂಲು ಮುಟ್ಟುತ್ತಿದ್ದೆ. ಅಲ್ಲಿ ಬೀಳುತ್ತಿದ್ದ ಏಟಿಗೆ ಯಾವ ದಿಕ್ಕಿನ ದೋಷವೂ ಇರಲಿಲ್ಲ, ನೇರವಾಗಿ ಅಂಗೈಗೇ ಬೀಳುತ್ತಿತ್ತು.

ಒಮ್ಮೆ ಕೇಳಿಯೂ ನೋಡಿದೆ. "ದೊಡ್ಡಪ್ಪ, ನೀವು ಇಂಜಿನಿಯರ್ರು. ಇದನ್ನೆಲ್ಲ ಹೆಂಗ್ ನಂಬ್ತೀರ?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕರೆಂಟು ಕಣ್ಣಿಗೆ ಕಾಣ್ತದಾ?"

"ಇಲ್ಲ."

"ಮುಟ್ಟಿದ್ರೆ ಹೊಡಿಯಲ್ವಾ? ರಾಹುನೂ ಹಂಗೇ ಕಣವ್ವ. ಹೋಗು, ಓದ್ಕೋ."

ಇಷ್ಟು ಓದಿದವರ ಹತ್ತಿರ ವಾದ ಮಾಡುವುದು ಹೇಗೆ ಹೇಳಿ? ಓದಿಲ್ಲದವರ ಮೂಢನಂಬಿಕೆಗೆ ಬರೀ ಹೆದರಿಕೆ ಇರುತ್ತದೆ. ಓದಿದವರದ್ದಕ್ಕೆ ಉದಾಹರಣೆಯೂ ಇರುತ್ತದೆ.

ಇನ್ನು ಪ್ರಸ್ಥಾನದ ವಿಷಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀವು ಹೊರಡಬೇಕಾದ ಹೊತ್ತು ಕೆಟ್ಟದ್ದಾಗಿದ್ದರೆ, ಅದಕ್ಕೂ ಮೊದಲೇ ಒಳ್ಳೆಯ ಹೊತ್ತು ನೋಡಿ ನಿಮ್ಮದೊಂದು ಬ್ಯಾಗನ್ನೋ ಬಟ್ಟೆಯನ್ನೋ ಪಕ್ಕದ ಮನೆಯಲ್ಲಿ ಇಟ್ಟು ಬರಬೇಕು. ಬಟ್ಟೆ ಹೊರಟಿತು ಅಂದರೆ ನೀವೂ ಹೊರಟಂತೆ. ಆಮೇಲೆ ನೀವು ಯಾವಾಗ ಹೋದರೂ ದೋಷವಿಲ್ಲ. ಎಂಥ ಅನುಕೂಲ ನೋಡಿ! ನಮ್ಮ ಪಕ್ಕದ ಮನೆ ಗಿರಿಜಮ್ಮನ ಪಡಸಾಲೆ ಇಡೀ ವರ್ಷ ರೈಲ್ವೆ ಸ್ಟೇಷನ್ನಿನಂತೆ ಇರುತ್ತಿತ್ತು. ದೊಡ್ಡಪ್ಪನ ಆಫೀಸಿನ ಬ್ಯಾಗು, ನನ್ನ ಪರೀಕ್ಷೆಯ ಪೆನ್ನು, ದೊಡ್ಡಮ್ಮ ಯಡಿಯೂರಿಗೆ ಉಟ್ಟುಕೊಂಡು ಹೋಗುವ ಸೀರೆ, ಎಲ್ಲವೂ ಅಲ್ಲಿ ರಾಹುವಿನ ಕಣ್ಣು ತಪ್ಪಿಸಿ ಕೂತಿರುತ್ತಿದ್ದವು. ರಾಹುವಿಗೆ ಇಷ್ಟು ಸುಲಭವಾಗಿ ಟೋಪಿ ಹಾಕಬಹುದಾದರೆ ಅವನಿಗೆ ಇಷ್ಟೊಂದು ಹೆದರುವುದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನನ್ನ ಮದುವೆಯ ಕಥೆಯೂ ಇದೇ ಲೆಕ್ಕದ್ದು. ಕುಣಿಗಲ್ಲಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ಮನೆ ನೋಡಿ ಬರಲು ದೊಡ್ಡಪ್ಪ, ದೊಡ್ಡಮ್ಮ, ನಮ್ಮಪ್ಪ ಬಾಡಿಗೆ ಕಾರು ಮಾಡಿಕೊಂಡು ಹೊರಟರು. ಶುಭಕಾರ್ಯಕ್ಕೆ ಮೂರು ಜನ ಹೋಗಬಾರದಲ್ಲ, ಅದಕ್ಕೆ ದೊಡ್ಡಪ್ಪ ಗೇಟಿನ ಹತ್ತಿರ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಲ್ಲು ನಾಲ್ಕನೆಯವರು. ಡ್ರೈವರ್ ಪಾಪ, "ಸಾರ್, ನಾನಿದೀನಲ್ಲ, ನಾಕು ಜನ ಆಯ್ತಲ್ಲ" ಅಂದ. "ನೀನು ಬಾಡಿಗೆಗೆ ಬಂದವ್ನು ಕಣಯ್ಯ, ಲೆಕ್ಕಕ್ಕೆ ಬರಲ್ಲ" ಎಂದರು ದೊಡ್ಡಪ್ಪ. ಕಲ್ಲು ಲೆಕ್ಕಕ್ಕೆ ಬರುತ್ತದೆ, ಮನುಷ್ಯ ಬರುವುದಿಲ್ಲ. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಡ್ರೈವರ್ ಸೀಟು ಒರೆಸಿ, ಆ ಕಲ್ಲನ್ನು ತೆಗೆದು ಎಸೆದುಬಿಟ್ಟಿದ್ದ. ಅದು ದೊಡ್ಡಪ್ಪನಿಗೆ ಗೊತ್ತಾಗಿದ್ದು ಕುಣಿಗಲ್ ಕೆರೆ ಕಣ್ಣಿಗೆ ಬಿದ್ದ ಮೇಲೆ. ಅಲ್ಲಿಂದಲೇ ಕಾರು ತಿರುಗಿತು. ಹುಡುಗನ ಮನೆಯವರು ಕೇಸರಿಬಾತು ಮಾಡಿಕೊಂಡು ಸಂಜೆವರೆಗೂ ಕಾದರಂತೆ.

ಆ ಹುಡುಗ ಈಗಲೂ ಕುಣಿಗಲ್ಲಿನಲ್ಲೇ ಹೆಂಡತಿ ಮಕ್ಕಳ ಜೊತೆ ಚೆನ್ನಾಗಿದ್ದಾನೆ. ನನಗೆ ಎಲ್ಲ ಶಕುನ ನೋಡಿ, ಎಲ್ಲ ದೋಷ ಕಳೆದು, ನಾಲ್ಕು ಜನ ಸರಿಯಾಗಿ ಹೋಗಿ ನಿಶ್ಚಯಿಸಿದ ಮದುವೆಯಾಯಿತು. ನನ್ನ ಯಜಮಾನರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಪ್ರಬಂಧ ಲಲಿತವಾಗಿ ಉಳಿಯುವುದಿಲ್ಲ.

ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿಲ್ಲ. ಡಾಕ್ಟರಿಗೆ ತೋರಿಸಿದರೋ ಇಲ್ಲವೋ ನನಗೆ ತಿಳಿಯದು. ಸರ್ಪದೋಷ ಎಂದು ಯಾರೋ ಹೇಳಿದ್ದು, ಯಾವ್ಯಾವುದೋ ಕಲ್ಲಿಗೆ ಹಾಲೆರೆದದ್ದು, ದೊಡ್ಡಮ್ಮ ಒದ್ದೆ ಸೀರೆಯಲ್ಲಿ ಅರಳಿಮರ ಸುತ್ತಿ ನ್ಯುಮೋನಿಯಾ ಹತ್ತಿಸಿಕೊಂಡದ್ದು ಇವೆಲ್ಲ ನಮ್ಮಮ್ಮ ಹೇಳಿ ಗೊತ್ತು. ದೋಷ ಯಾರ ಜಾತಕದಲ್ಲಿದೆ ಎಂಬ ಪ್ರಶ್ನೆ ಬಂದಾಗ ಅದು ದೊಡ್ಡಮ್ಮನದ್ದರಲ್ಲೇ ಸಿಕ್ಕಿತು. ಅದು ಬೇರೆ ಎಲ್ಲಿ ಸಿಗುತ್ತದೆ?

ದೊಡ್ಡಮ್ಮ ಇದನ್ನೆಲ್ಲ ಹೇಗೆ ತಡೆದುಕೊಂಡರು ಎಂದು ಕೇಳುತ್ತೀರಾ? ಅವರೂ ನಂಬಿದ್ದರು. ಅಷ್ಟೇ ಅಲ್ಲ, ಗಂಡನನ್ನೂ ನಂಬಿದ್ದರು. ಎರಡು ನಂಬಿಕೆಯಲ್ಲಿ ಯಾವುದು ಹೆಚ್ಚು ಅಪಾಯ ಅಂತ ಆಗ ಗೊತ್ತಿರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ದೊಡ್ಡಪ್ಪ ರಿಟೈರ್ ಆಗಿ ಕೆಲವು ವರ್ಷವಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಚಟ್ನಿಗೆ ಕಾಯಿ ತುರಿಯುತ್ತಿದ್ದವರು ಅರ್ಧಕ್ಕೇ ಎದ್ದು ಬಂದರಂತೆ. "ಯಾಕೋ ಬಲಗೈ ಜೋಮು ಹಿಡ್ದಂಗೈತೆ. ನಾಲಿಗೆನೂ ಒಂಥರಾ ಆಯ್ತಾ ಐತೆ. ಆಸ್ಪತ್ರೆಗೆ ಹೋಗೋಣ್ವಾ? ಈಗ್ಲೇ?"

ಸೋಮವಾರದ ರಾಹುಕಾಲ ಏಳೂವರೆಗೆ. ಆಗಷ್ಟೇ ಶುರುವಾಗಿತ್ತು.

"ಈಗ ತಾನೇ ಬಂತಲ್ಲೇ. ಒಂಬತ್ತಕ್ಕೆ ಕಳೀತದೆ, ಕುಂತ್ಕೊ" ಎಂದರು ದೊಡ್ಡಪ್ಪ. "ಒಳ್ಳೆ ಟೈಮಲ್ಲಿ ಹೋದ್ರೆ ಒಳ್ಳೆ ಡಾಕ್ಟ್ರೇ ಸಿಗ್ತಾರೆ."

ದೊಡ್ಡಮ್ಮ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು. ಬಾಗಿಲ ಒಳಗಿನ ಬೆಂಚಿನ ಮೇಲೆ ಹಾಗೆಯೇ ಕೂತರು. ಮನೆಯೊಳಗೆ ಚಪ್ಪಲಿ ಮೆಟ್ಟಬಾರದು ಎಂಬ ನಿಯಮವನ್ನು ಅವತ್ತೊಂದು ದಿನ ದೊಡ್ಡಪ್ಪ ಸಡಿಲಿಸಿದ್ದರು. ದೊಡ್ಡ ಮನಸ್ಸು! ಗಿರಿಜಮ್ಮ ಹೂವು ಕೊಡಲು ಬಂದವರು ನೋಡಿ, "ಸಾರ್, ಅಮ್ಮೋರ ಮುಖ ಯಾಕೋ ಸರಿಗಿಲ್ಲ, ಆಟೋ ಕರೀಲಾ?" ಅಂದರಂತೆ. ದೊಡ್ಡಪ್ಪ ಕೈಯೆತ್ತಿ ತಡೆದರಂತೆ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಬಲಗಾಲಿನ ಚಪ್ಪಲಿ ತಾನಾಗಿ ಜಾರಿ ನೆಲಕ್ಕೆ ಬಿತ್ತು. ಅದು ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. "ಏ, ಚಪ್ಪಲಿ" ಎಂದು ದೊಡ್ಡಪ್ಪ ಹೇಳಿ ಮುಖ ನೋಡಿದಾಗ ಬಾಯಿ ಒಂದು ಪಕ್ಕಕ್ಕೆ ಇಳಿದಿತ್ತು. ಆಗಲೂ ಅವರು ಒಂದು ಸಲ ಗೋಡೆ ಗಡಿಯಾರ ನೋಡಿದರು ಎಂದು ಗಿರಿಜಮ್ಮ ಹೇಳುತ್ತಾರೆ. ಗಿರಿಜಮ್ಮ ಸುಳ್ಳು ಹೇಳುವವರಲ್ಲ.

ಒಂಬತ್ತು ಕಳೆದ ಮೇಲೆ, ಬಹಳ ಒಳ್ಳೆಯ ಸಮಯದಲ್ಲಿ ಆಸ್ಪತ್ರೆ ಮುಟ್ಟಿದರು. ಒಳ್ಳೆಯ ಡಾಕ್ಟರೇ ಸಿಕ್ಕಿದರು. ಆ ಒಳ್ಳೆಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೈ ಜೋಮು ಹಿಡಿದ ತಕ್ಷಣ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಟ್ರಾಫಿಕ್ಕು ಸಾರ್" ಎಂದರು ನಮ್ಮ ದೊಡ್ಡಪ್ಪ. ಗಿರಿಜಮ್ಮನ ಫೋನ್ ಬಂದು ಓಡಿಬಂದಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಮನೆಯಿಂದ ಆಸ್ಪತ್ರೆಗೆ ಎರಡು ಸರ್ಕಲ್ಲು ದಾಟಿದರೆ ಆಯಿತು.

ದೊಡ್ಡಮ್ಮ ಉಳಿದರು. ಬಲಗೈ ಹೋಯಿತು, ಬಲಗಾಲು ಎಳೆಯುವಂತಾಯಿತು, ಮಾತು ಹೆಚ್ಚುಕಡಿಮೆ ನಿಂತೇಹೋಯಿತು. 'ಹೂಂ' ಮತ್ತು 'ಬ್ಯಾಡ' ಎರಡು ಮಾತ್ರ ಸಲೀಸಾಗಿ ಬರುತ್ತಿದ್ದವು. ಅದರಲ್ಲೂ 'ಬ್ಯಾಡ' ಎನ್ನುವುದೇ ಹೆಚ್ಚು.

ಅವರನ್ನು ಮನೆಗೆ ಕರೆದುಕೊಂಡು ಬಂದ ದಿನದಿಂದ ದೊಡ್ಡಪ್ಪ ಬೇರೆ ಮನುಷ್ಯ. ಸೊಂಟದ ಕರಿದಾರ ಕತ್ತರಿಸಿ ಎಸೆದರು. ಸ್ಕೂಟರಿನ ನಿಂಬೆಹಣ್ಣು ಮೆಣಸಿನಕಾಯಿ ಕಿತ್ತು ಹಾಕಿದರು. ಬಾಗಿಲಿಗೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕಾಯಿ ಇಳಿಸಿ, ತಾವೇ ಹೆಚ್ಚಿ ಮಜ್ಜಿಗೆಹುಳಿ ಮಾಡಿಕೊಂಡು ಉಂಡರು. ಹೊಟ್ಟೆ ಕೆಟ್ಟಿತು. ಕೆಟ್ಟದ್ದು ದೃಷ್ಟಿಯಿಂದಲ್ಲ, ಕಾಯಿ ಹಳೆಯದಾದ್ದರಿಂದ ಎಂದು ಎರಡು ದಿನ ಬಚ್ಚಲಿನ ಒಳಗಿನಿಂದಲೇ ಕೂಗಿ ವಾದಿಸಿದರು.

ಮನೆಯಲ್ಲಿ ಒಂದೇ ಒಂದು ಉಳಿಯಿತು. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು.

"ಇದನ್ಯಾಕೆ ಬಿಟ್ರಿ?" ಎಂದೆ.

"ಅದಿಲ್ದೆ ಹೆಂಗೆ? ಅಮಾವಾಸ್ಯೆ, ಯಮಗಂಡ, ಗುಳಿಕ ಎಲ್ಲಾ ಯಾವಾಗ ಅಂತ ಗೊತ್ತಾಗ್ಬೇಕಲ್ಲ. ಇನ್ಮೇಲೆ ನಾನು ಎಲ್ಲಾ ಕೆಲ್ಸ ಅದ್ರಲ್ಲೇ ಮಾಡೋನು."

ಮಾಡಿಯೂ ಬಿಟ್ಟರು. ಅಮಾವಾಸ್ಯೆ ದಿನ ಹೊಸ ಫ್ರಿಜ್ಜು ಬಂತು. ಮಂಗಳವಾರ ಕ್ಷೌರ, ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಉಗುರು ಕತ್ತರಿಸುವುದು. ಮನೆಯಿಂದ ಹೊರಡುವವರನ್ನು 'ಎಲ್ಲಿಗೆ' ಎಂದು ಕೇಳಬಾರದಲ್ಲ? ಇವರು ಗೇಟಿನಲ್ಲಿ ನಿಂತು ಹೋಗಿಬರುವವರನ್ನು ತಡೆದು, "ನಾನು ಹೊರಗೆ ಹೊರಟಿದೀನಿ, ಎಲ್ಲಿಗೆ ಅಂತ ಕೇಳಿ" ಎಂದು ಪೀಡಿಸತೊಡಗಿದರು. ಹಾಲಿನವನು ಹೆದರಿ ಬೇರೆ ರಸ್ತೆ ಹಿಡಿದ. ಬೀದಿಯ ಬೆಕ್ಕುಗಳಿಗೆ ಹಾಲು ಹಾಕಿ ಸಾಕಿದರು. ಯಾಕೆ? ಅಡ್ಡ ಬರಲಿ ಎಂದು. ಮೊದಲು ಬೆಕ್ಕು ಅಡ್ಡ ಬಂದರೆ ನಿಂತು ಕಾಯುತ್ತಿದ್ದರು, ಈಗ ಬೆಕ್ಕು ಅಡ್ಡ ಬರುವವರೆಗೂ ನಿಂತು ಕಾಯುತ್ತಿದ್ದರು. ಬೆಕ್ಕುಗಳು ಹೊಟ್ಟೆ ತುಂಬಾ ಹಾಲು ಕುಡಿದು ಕಾಂಪೌಂಡಿನ ಮೇಲೆ ಮಲಗಿರುತ್ತಿದ್ದವು. ಒಟ್ಟಿನಲ್ಲಿ ಕಾಯುವುದು ತಪ್ಪಲಿಲ್ಲ.

ಇಷ್ಟರಲ್ಲಿ ಫೋನಿನಲ್ಲಿ ಯಾರದೋ ಪ್ರವಚನ ಸಿಕ್ಕಿತು. ಹಳೆಯ ನಂಬಿಕೆಗಳಿಂದ ಬಿಡುಗಡೆ, ಈ ಕ್ಷಣದಲ್ಲಿ ಎಚ್ಚರದಿಂದ ಬದುಕುವುದು, ಹೀಗೆ ಏನೇನೋ. ಅಂದಿನಿಂದ ಬಾಯಿ ಬಿಟ್ಟರೆ ಎಚ್ಚರ. "ಎಚ್ಚರ ಇರ್ಬೇಕು ಕಣವ್ವ. ಉಣ್ಣೋವಾಗ ಎಚ್ಚರ, ನಡೆಯೋವಾಗ ಎಚ್ಚರ. ನಾವೆಲ್ಲ ನಿದ್ದೇಲಿ ಬದುಕ್ತಾ ಇದೀವಿ." ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ನಡುಮನೆಯಲ್ಲಿ ಚಾಪೆ ಹಾಸಿ, ಕಣ್ಣು ಮುಚ್ಚಿ ಉಸಿರಿನ ಮೇಲೆ ಎಚ್ಚರವಿಟ್ಟು ಕೂರುತ್ತಿದ್ದರು.

ಒಂದು ದಿನ ನಾನು ಹೋದಾಗ ಮನೆ ತುಂಬಾ ಸುಟ್ಟ ವಾಸನೆ. ಹಾಲು ಉಕ್ಕಿ, ಒಲೆ ಆರಿ, ಗ್ಯಾಸು ಸೋರುತ್ತಿತ್ತು. ದೊಡ್ಡಪ್ಪ ಎಚ್ಚರದ ಅಭ್ಯಾಸದಲ್ಲಿ ಗೊರಕೆ ಹೊಡೆಯುತ್ತಿದ್ದರು. ಅಡುಗೆಮನೆಗೆ ಎದುರಾಗಿ, ವಾಕರ್ ಕೈಗೆ ಸಿಗದೆ ಕುರ್ಚಿಯಲ್ಲೇ ಕೂತಿದ್ದ ದೊಡ್ಡಮ್ಮ ಎಲ್ಲವನ್ನೂ ನೋಡುತ್ತಾ, "ಹಾ... ಹಾ..." ಎಂದು ಎಡಗೈಯಿಂದ ಕುರ್ಚಿ ಬಡಿಯುತ್ತಿದ್ದರು. ಹಾಲು ಎಂಬ ಮಾತು ಪೂರ್ತಿ ಬರುತ್ತಿರಲಿಲ್ಲ. ಬೆಳಗಿನಿಂದ ಆ ಮನೆಯಲ್ಲಿ ಎಚ್ಚರವಾಗಿದ್ದವರು ಅವರೊಬ್ಬರೇ.

ನಾನು ಗ್ಯಾಸು ಆಫ್ ಮಾಡಿ, ಕಿಟಕಿ ತೆರೆದು, ದೊಡ್ಡಪ್ಪನನ್ನು ಎಬ್ಬಿಸಿ ಬಾಯಿಗೆ ಬಂದಂತೆ ಬೈದೆ. ಅವರು ಕಣ್ಣು ಉಜ್ಜಿಕೊಂಡು, "ನಿನ್ನ ಕೋಪಾನ ಗಮನಿಸು" ಎಂದರು. ಗಮನಿಸಿದೆ. ಇನ್ನೂ ಜಾಸ್ತಿಯಾಯಿತು.

ಗುಬ್ಬಿಯ ನಿಶ್ಚಿತಾರ್ಥ ಇದಕ್ಕಿಂತ ಕೆಟ್ಟದ್ದು. ನಮ್ಮ ಸೋದರತ್ತೆಯ ಮೊಮ್ಮಗಳಿಗೆ ಗಂಡು ಗೊತ್ತಾಗಿ ಗುಬ್ಬಿಯಲ್ಲಿ ಎಲ್ಲರೂ ಸೇರಿದ್ದೆವು. ದೊಡ್ಡಮ್ಮನ ಹತ್ತಿರ ಗಿರಿಜಮ್ಮನನ್ನು ಬಿಟ್ಟು ದೊಡ್ಡಪ್ಪ ನನ್ನ ಜೊತೆ ಬಂದಿದ್ದರು. ಎರಡೂ ಕಡೆಯ ಹಿರಿಯರು ಎದುರು ಬದುರು ಕೂತು, ತಾಂಬೂಲದ ತಟ್ಟೆ ಕೈಗೆತ್ತಿಕೊಂಡ ಗಳಿಗೆಗೆ ಸರಿಯಾಗಿ ದೊಡ್ಡಪ್ಪ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ಜೋರಾಗಿ ಸೀನಿದರು. ಒಂಟಿ ಸೀನು.

ತಟ್ಟೆ ಗಾಳಿಯಲ್ಲೇ ನಿಂತಿತು. ವಾಲಗದವರೂ ನಿಲ್ಲಿಸಿದರು. ಎರಡು ಸೀನಿದರೆ ದೋಷವಿಲ್ಲವಲ್ಲ, ಇಡೀ ಸಭೆ ದೊಡ್ಡಪ್ಪನ ಮೂಗನ್ನೇ ನೋಡುತ್ತಾ ಕೂತಿತು. ಕೊನೆಗೆ ಗಂಡಿನ ತಾತ ಕೈ ಮುಗಿದು, "ಸ್ವಾಮಿ, ಇನ್ನೊಂದ್ ಸೀನ್‌ಬುಡಿ" ಎಂದರು.

"ಬರ್ತಿಲ್ಲ" ಎಂದರು ದೊಡ್ಡಪ್ಪ, ಬಹಳ ಸಮಾಧಾನದಿಂದ. "ಏನೂ ಆಗಲ್ಲ, ತಟ್ಟೆ ಬದಲಾಯಿಸ್ಕೊಳಿ. ನಾನು ಬೇಕಂತ್ಲೇ ಸೀನಿದ್ದು. ನಿಮ್ಮ ಭಯ ಹೋಗ್ಲಿ ಅಂತ."

ಯಾರ ಭಯವೂ ಹೋಗಲಿಲ್ಲ. ತಟ್ಟೆ ಕೆಳಗಿಟ್ಟು, ಕೈಕಾಲು ತೊಳೆದು ಬಂದು, ದೇವರಿಗೆ ಮತ್ತೆ ದೀಪ ಹಚ್ಚಿ, ಮೊದಲಿನಿಂದ ಶುರು ಮಾಡಿದರು. ಅದೆಲ್ಲ ಮುಗಿಯುವವರೆಗೂ ಆ ಹುಡುಗಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾಳೆ ಆ ಮನೆಯಲ್ಲಿ ಒಂದು ಲೋಟ ಒಡೆದರೂ ಅದು ಅವಳ ತಲೆಗೇ ಬರುತ್ತದೆ, ದೊಡ್ಡಪ್ಪನ ಮೂಗಿಗಲ್ಲ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ದೊಡ್ಡಪ್ಪ, ನಿಮ್ಮ ಜ್ಞಾನಕ್ಕೆ ಆ ಮಗು ಯಾಕೆ ದಂಡ ಕಟ್ಬೇಕು? ಮೊದ್ಲು ಶಾಸ್ತ್ರ ಅಂತ ಹೆಣ್ಮಕ್ಕಳನ್ನ ಗೋಳು ಹೊಯ್ಕೊಂಡ್ರಿ, ಈಗ ಶಾಸ್ತ್ರ ಇಲ್ಲ ಅಂತ ಹೊಯ್ಕೊತಿದೀರ. ಏನ್ ವ್ಯತ್ಯಾಸ ಆಯ್ತು?"

ಅವರು ಕಿಟಕಿಯ ಆಚೆ ನೋಡುತ್ತಾ ಕೂತರು. ಉಸಿರನ್ನು ಗಮನಿಸುತ್ತಿದ್ದರೋ ಏನೋ.

ಇದೆಲ್ಲದರ ಮಧ್ಯೆ ನಿಜವಾಗಿ ಆಗಬೇಕಾದ ಒಂದು ಕೆಲಸ ಆಗಿರಲಿಲ್ಲ. ಫಿಸಿಯೋಥೆರಪಿಯ ಡಾಕ್ಟರಮ್ಮ ಮೊದಮೊದಲು ಮನೆಗೇ ಬಂದು ದೊಡ್ಡಮ್ಮನಿಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಿಸಿ ಹೋಗುತ್ತಿದ್ದರು. ಆಮೇಲೆ ಸ್ಪಷ್ಟವಾಗಿ ಹೇಳಿದರು. "ಇನ್ಮುಂದೆ ಕ್ಲಿನಿಕ್ಕಿಗೆ ಬರ್ಲೇಬೇಕು. ಮಷೀನು ಎಲ್ಲಾ ಅಲ್ಲಿವೆ. ಈ ಟೈಮು ಕಳೆದ್ರೆ ಕಾಲು ಹಂಗೇ ಸೆಟೆದುಕೊಂಡುಬಿಡುತ್ತೆ, ಆಮೇಲೆ ವಾಕರ್ ಹಿಡ್ಕೊಂಡೂ ನಡೆಯಕ್ಕಾಗಲ್ಲ. ಹಾಸಿಗೆನೇ ಗತಿ."

ಯಾವಾಗ ಬರುತ್ತೀರಿ ಎಂದು ಕೇಳಿದ್ದಕ್ಕೆ ದೊಡ್ಡಪ್ಪ ಕ್ಯಾಲೆಂಡರು ನೋಡಿ ಹೇಳಿದರು. ಶುಕ್ರವಾರ, ಹತ್ತೂವರೆ. ಯಾವ ಹೊತ್ತು ಅಂತ ನಿಮಗೆ ಗೊತ್ತಾಯಿತಲ್ಲ? ಶುಕ್ರವಾರದ ರಾಹುಕಾಲ ಆಗಲೇ ಶುರುವಾಗುವುದು. ಅವರು ಅದನ್ನು ಹೆಂಡತಿಗೆ ಹೇಳಿಯೂ ಹೇಳಿದರು. "ಅದೇ ಹೊತ್ತಲ್ಲಿ ಕರ್ಕೊಂಡ್ ಹೋಯ್ತೀನಿ ಕಣೇ. ಏನಾಗ್ತದೆ ನೋಡೇಬಿಡಾಣ."

ದೊಡ್ಡಮ್ಮ, "ಬ್ಯಾಡ" ಎಂದರು.

ನಾನು ಪಾಠ ಮಾಡುವ ಕಾಲೇಜಿನಲ್ಲಿ ಶುಕ್ರವಾರ ನನಗೆ ಮಧ್ಯಾಹ್ನದ ಕ್ಲಾಸು. ಬೆಳಿಗ್ಗೆ ಕಾರು ತೆಗೆದುಕೊಂಡು ಅಲ್ಲಿಗೆ ಹೋಗುವುದು, ದೊಡ್ಡಪ್ಪ ರಾಹುವಿನ ಬಗ್ಗೆ ಭಾಷಣ ಮಾಡುವುದು, ದೊಡ್ಡಮ್ಮ "ಬ್ಯಾಡ" ಅನ್ನುವುದು, ನಾನು ಹಲ್ಲು ಕಚ್ಚಿಕೊಂಡು ವಾಪಸು ಬರುವುದು, ವಾರವಾರವೂ ಇದೇ ನಡೆಯಿತು. ಬೇರೆ ಹೊತ್ತಿಗೆ ಬದಲಾಯಿಸಿ ಎಂದು ಬೇಡಿಕೊಂಡೆ. "ಬದಲಾಯಿಸಿದ್ರೆ ರಾಹುಗೆ ಹೆದರ್ದಂಗಾಯ್ತದೆ" ಎಂದರು. ಅವರ ಹಟಕ್ಕೂ ಇವರ ಹಟಕ್ಕೂ ಮಧ್ಯೆ ಒಂದು ಕಾಲು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ದೊಡ್ಡಮ್ಮ ಒಂದು ಸಲವೂ ಆ ಹೊಸ್ತಿಲು ದಾಟಿರಲಿಲ್ಲ. ಅವರ ಚಪ್ಪಲಿ ಬೆಂಚಿನ ಕೆಳಗೆ ಆಸ್ಪತ್ರೆಯಿಂದ ಬಂದ ದಿನ ಇಟ್ಟಲ್ಲೇ ಇತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಇಷ್ಟಾದ ಮೇಲೂ ಈ ಹೆಂಗಸು ರಾಹುಕಾಲ ಅಂತ ಕೂತಿದ್ದಾರಲ್ಲ, ಇವರಿಗೆ ಬುದ್ಧಿ ಬೇಡವೇ ಎಂದುಕೊಳ್ಳುತ್ತಿದ್ದೆ.

ಹೀಗೇ ಒಂದು ಶುಕ್ರವಾರ. ನಾನು ಸ್ವಲ್ಪ ಬೇಗ ಹೋಗಿದ್ದೆ. ಮನೆಯಲ್ಲಿ ಮೊಸರಿಗೆ ಹೆಪ್ಪಿರಲಿಲ್ಲ ಎಂದು ಗಿರಿಜಮ್ಮನ ಮನೆಗೆ ಹೋದೆ. ಅವರ ಪಡಸಾಲೆಯ ಬೆಂಚಿನ ಮೇಲೆ ಒಂದು ಚೌಕಳಿ ಟವಲು ಗಂಟು ಹಾಕಿ ಇಟ್ಟಿತ್ತು. ಬಹಳ ವರ್ಷ ನಾನೇ ಒಗೆದು ಹಿಂಡಿದ ಟವಲು.

"ಗಿರಿಜಮ್ಮ, ಇದು ದೊಡ್ಡಪ್ಪಂದಲ್ವಾ?"

ಗಿರಿಜಮ್ಮ ಒಳಗಿನಿಂದ ಓಡಿ ಬಂದು ಟವಲಿನ ಮೇಲೆ ಕೈಯಿಟ್ಟರು. "ಸುಮ್ಕಿರವ್ವ, ಸಾರ್‌ಗೆ ಹೇಳ್‌ಬ್ಯಾಡ. ನಿಮ್ ದೊಡ್ಡಮ್ಮ ಕೊಟ್ಟಿರೋದು."

"ಯಾಕೆ?"

"ಇನ್ಯಾಕೆ, ಪ್ರಸ್ಥಾನ. ಸಾರು ಬೇಕೂ ಅಂತ ಕೆಟ್ ಗಳಿಗೆ ನೋಡ್ಕೊಂಡು ಆಚೆಗೋಯ್ತಾರಲ್ಲ, ಅದ್ಕೆ. ಬೆಳಿಗ್ಗೆ ಸಾರು ಕಣ್ ಮುಚ್ಕೊಂಡು ಕುಂತಿರ್ತಾರೆ ನೋಡು, ಆವಾಗ ಅಮ್ಮೋರು ವಾಕರ್ ಹಿಡ್ಕೊಂಡು ಅಡಿಗೆ ಮನೆ ಕಿಟಕಿತಕ್ಕೆ ಬಂದು ಕಂಬಿ ಸಂದೀಲಿ ಇದನ್ನ ಆಚೆಗೆ ತಳ್ತಾರೆ. ನಾನು ತಂದು ಇಲ್ಲಿಕ್ತೀನಿ. ಸಾಯಂಕಾಲ ವಾಪಸ್ ಕೊಡ್ತೀನಿ. ದಿನಾಲೂ ಇದೇಯ."

"ಗುಬ್ಬಿಗೆ ಹೋದಾಗ್ಲೂ?"

"ಆವತ್ತು ಎರಡು ಗಂಟು ಹಾಕಿದ್ರು" ಎಂದರು ಗಿರಿಜಮ್ಮ.

ನನಗೆ ನಗು ಬರಬೇಕಿತ್ತು. ರಾಹುಕಾಲದಲ್ಲಿ ಹೊರಟು ಏನೂ ಆಗದೆ ಮನೆಗೆ ಮರಳಿದಾಗಲೆಲ್ಲ, "ನೋಡಿದ್ಯಾ? ಏನಾಯ್ತು?" ಎಂದು ಎದೆ ಸೆಟೆಸಿದ ಆ ಮಹಾಜ್ಞಾನಿಯ ಹಿಂದೆ, ಒಂದೇ ಕೈಯ ಹೆಂಗಸು ದಿನಾಲೂ ಅವರನ್ನು ರಾಹುವಿನಿಂದ ಬಚ್ಚಿಟ್ಟು ಕಳಿಸುತ್ತಿದ್ದರು. ಆದರೆ ಬಂದದ್ದು ನಗುವಲ್ಲ. ಯಾರು ಯಾರನ್ನು ಕಾಯಬೇಕಿತ್ತು? ಆ ಸೋಮವಾರ ಬೆಂಚಿನ ಮೇಲೆ ಕೂರಿಸಿದ ಗಂಡನಿಗೆ ಈ ಕಾವಲು! ಟವಲು ಎತ್ತಿಕೊಂಡು, ಗಿರಿಜಮ್ಮ ಬ್ಯಾಡ ಬ್ಯಾಡ ಅನ್ನುತ್ತಿದ್ದರೂ ಕೇಳದೆ, ನೆಟ್ಟಗೆ ಬಂದು ದೊಡ್ಡಪ್ಪನ ಮಡಿಲಿಗೆ ಹಾಕಿದೆ. ದೊಡ್ಡಮ್ಮ ಎದುರಿನ ಕುರ್ಚಿಯಲ್ಲೇ ಇದ್ದರು.

"ತಗೊಳಿ. ನೀವು ಗೆದ್ದ ರಾಹು ಇದ್ರಲ್ಲವ್ನೆ" ಎಂದೆ. ಗಿರಿಜಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ.

ದೊಡ್ಡಪ್ಪ ಬಾಯಿ ತೆರೆದರು. ಮೂಢನಂಬಿಕೆಯ ಮೇಲೆ ಭಾಷಣ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅವರು ಗಂಟನ್ನು ನೋಡುತ್ತಿದ್ದರು. ಒಳಗೆ ಒಂದು ಹಿಡಿ ಅಕ್ಕಿ ಇತ್ತು. ಗಂಟು ಸಣ್ಣದಾಗಿ, ಬಿಗಿಯಾಗಿ, ಒಂದು ಕಡೆ ಒದ್ದೆಯಾಗಿತ್ತು.

"ಇದನ್ನ ಹೆಂಗ್ ಕಟ್ದೆ?" ಎಂದು ಕೇಳಿದರು. ನನ್ನನ್ನಲ್ಲ, ದೊಡ್ಡಮ್ಮನನ್ನು.

ದೊಡ್ಡಮ್ಮ ಎಡಗೈ ಚಾಚಿ ಟವಲು ಈಸಿಕೊಂಡರು. ಆ ಗಂಟು ಬಿಚ್ಚದೆ, ಅದರ ಮೇಲಿನ ಒಂದು ತುದಿಯನ್ನು ತೊಡೆಯ ಕೆಳಗೆ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಎಡಗೈಯಿಂದ ಸುತ್ತಿ ತಂದು, ತಲೆ ಬಗ್ಗಿಸಿ, ಸೊಟ್ಟಗಾದ ಬಾಯಿಯ ಸರಿಯಿರುವ ಪಕ್ಕದ ಹಲ್ಲಿನಲ್ಲಿ ಕಚ್ಚಿ ಎಳೆದರು. ಜಾರಿತು. ಮತ್ತೆ ಕಚ್ಚಿದರು. ಮತ್ತೆ ಜಾರಿತು. ಗದ್ದದಿಂದ ಜೊಲ್ಲು ಇಳಿಯಿತು. ನಾನು ಸಹಾಯಕ್ಕೆ ಹೋಗಲು ಹೊರಟರೆ ದೊಡ್ಡಪ್ಪ ಕೈ ಹಿಡಿದು ತಡೆದರು. ಅವರ ಕಣ್ಣು ಅಲ್ಲಿಂದ ಕದಲಲಿಲ್ಲ. ಇಷ್ಟು ದಿನ ಕಣ್ಣು ಮುಚ್ಚಿ ಹುಡುಕಿದ್ದನ್ನು ಅವರು ಆಗ ಕಣ್ಣು ತೆರೆದು ನೋಡುತ್ತಿದ್ದರು ಎಂದು ಬರೆದರೆ ಪ್ರವಚನದಂತೆ ಕೇಳಿಸುತ್ತದೆ, ಆದರೂ ಅದು ಹಾಗೆಯೇ ಇತ್ತು. ಕೊನೆಗೆ ಎರಡನೆಯ ಗಂಟು ಬಿತ್ತು. ದೊಡ್ಡಮ್ಮ ಅದನ್ನು ಅವರ ಕಡೆ ನೀಡಿದರು.

ದೊಡ್ಡಪ್ಪ ಕುರ್ಚಿಯಿಂದಿಳಿದು ನೆಲದ ಮೇಲೆ, ಅವರ ಕಾಲ ಹತ್ತಿರ ಕೂತರು.

"ಅವತ್ತು ನೀನು ಈಗ್ಲೇ ಹೋಗೋಣ್ವಾ ಅಂದೆ" ಎಂದರು. "ನಾನು ಗಡಿಯಾರ ನೋಡ್ದೆ. ನಿನ್ನ ನೋಡ್ಲಿಲ್ಲ."

ದೊಡ್ಡಮ್ಮ ಬಾಗಿಲ ಹತ್ತಿರದ ಬೆಂಚಿನ ಕಡೆ ನೋಡಿದರು.

"ಡಾಕ್ಟ್ರಿಗೆ ಟ್ರಾಫಿಕ್ಕು ಅಂತ ಸುಳ್ಳು ಹೇಳ್ದೆ ಕಣೇ."

ದೊಡ್ಡಮ್ಮ "ಹೂಂ" ಎಂದರು. ಅವರಿಗೆ ಅದೂ ಗೊತ್ತಿತ್ತು.

ನಾನು ಅಲ್ಲಿರಬಾರದು ಅನ್ನಿಸಿತು, ಆದರೂ ನಿಂತೇ ಇದ್ದೆ. ಆಮೇಲೆ ದೊಡ್ಡಪ್ಪ ಕೇಳಿದರು. "ಇವತ್ತು ಕಾಲು ತೋರಿಸ್ಕೊಂಡು ಬರಾಣ್ವಾ? ನಾನು ಟೈಮ್ ಹೇಳಲ್ಲ. ನೀನೇ ಹೇಳು. ಯಾವಾಗ ಹೋಗಾಣ?"

ಇಷ್ಟು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಯನ್ನು ಅವರು ಹೆಂಡತಿಯನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಮೊದಲು ಕ್ಯಾಲೆಂಡರನ್ನು ಕೇಳಿದರು, ಆಮೇಲೂ ಕ್ಯಾಲೆಂಡರನ್ನೇ ಕೇಳಿದರು.

ದೊಡ್ಡಮ್ಮನ ತುಟಿ ಅಲುಗಾಡಿತು. ಮಾತು ಗಂಟಲಿನಿಂದ ಮೇಲೆ ಬರಲು ಒದ್ದಾಡುವುದು ಕಾಣುತ್ತಿತ್ತು. 'ಬ್ಯಾಡ' ಎನ್ನುತ್ತಾರೆ ಎಂದು ನಾನು ಕಾರಿನ ಕೀ ಬ್ಯಾಗಿಗೆ ಹಾಕಿಕೊಂಡೆ.

"ಈ... ಗ" ಎಂದರು.

ದೊಡ್ಡಪ್ಪ ಬೆಂಚಿನ ಕೆಳಗಿನಿಂದ ಚಪ್ಪಲಿ ತಂದು, ಧೂಳು ತಮ್ಮ ಪಂಚೆಯಿಂದ ಒರೆಸಿ, ಮೊದಲು ಬಲಗಾಲಿಗೆ ಹಾಕಿದರು. ಜಾರದಂತೆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಎಬ್ಬಿಸಿದರು. ಹೊಸ್ತಿಲ ಹತ್ತಿರ ದೊಡ್ಡಮ್ಮ ಒಂದು ಗಳಿಗೆ ನಿಂತರು. ದೊಡ್ಡಪ್ಪ ಎಳೆಯಲಿಲ್ಲ, ದೂಡಲಿಲ್ಲ. ದೊಡ್ಡಮ್ಮ ತಾವೇ ಕಾಲು ಎಳೆದುಕೊಂಡು ದಾಟಿದರು. ಗೇಟಿನಲ್ಲಿ ಗಿರಿಜಮ್ಮ ನಿಂತಿದ್ದರು. 'ಎಲ್ಲಿಗೆ' ಎಂದು ಕೇಳಬಾರದು ಎಂದು ಬಾಯಿ ಮುಚ್ಚಿಕೊಂಡು, ಕಣ್ಣಿನಲ್ಲೇ ಕೇಳುತ್ತಿದ್ದರು. "ಕಾಲು ತೋರ್ಸಕ್ಕೆ ಹೊರಟ್ವಿ ಗಿರಿಜಮ್ಮ" ಎಂದರು ದೊಡ್ಡಪ್ಪ, ಎಲ್ಲರೂ ಹೇಳುವಂತೆ.

ನಾನು ದೊಡ್ಡಪ್ಪನನ್ನು ಕ್ಷಮಿಸಿದೆನೇ? ಇಲ್ಲ. ಆ ಬಲಗೈ ನನಗೆ ಜಡೆ ಹಾಕಿದ ಕೈ, ಅದು ಇನ್ನು ಯಾರಿಗೂ ಜಡೆ ಹಾಕುವುದಿಲ್ಲ. ನನ್ನ ಸಿಟ್ಟು ಇನ್ನೂ ಹಾಗೆಯೇ ಇದೆ, ಅದನ್ನು ಗಮನಿಸುತ್ತಲೂ ಇದ್ದೇನೆ. ಆದರೆ ಅವತ್ತು ಕಾರಿನ ಕನ್ನಡಿಯಲ್ಲಿ ಕಂಡದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಆ ಟವಲಿನ ಗಂಟು ಬಿಚ್ಚದೆ, ಉಳಿದ ತುದಿಯಿಂದ ದೊಡ್ಡಮ್ಮನ ಗದ್ದ ಒರೆಸುತ್ತಿದ್ದರು. ಒರೆಸಿ, ಮುಖ ನೋಡಿ, ಮತ್ತೆ ಒರೆಸುತ್ತಿದ್ದರು. ದೊಡ್ಡಮ್ಮ ಕಿಟಕಿಯ ಆಚೆ ಅಂಗಡಿ, ಜನ, ಬಸ್ಸುಗಳನ್ನೆಲ್ಲ ಹೊಸದಾಗಿ ಬಂದವರಂತೆ ನೋಡುತ್ತಿದ್ದರು.

ನಾವು ಹೊರಟಾಗ ರಾಹುಕಾಲ ಶುರುವಾಗಿತ್ತೋ ಇನ್ನೂ ಬಾಕಿಯಿತ್ತೋ ಎಂದು ನೀವು ಕೇಳಬಹುದು. ಹೊಸ್ತಿಲು ದಾಟುವಾಗ ನಾನು ತಿರುಗಿ ಗೋಡೆ ಗಡಿಯಾರ ನೋಡಿದ್ದೆ. ಆ ಮನೆಯಲ್ಲಿ ಬೆಳೆದವಳಲ್ಲವೇ! ಆದರೆ ಹೇಳುವುದಿಲ್ಲ. ಅವರಿಬ್ಬರೂ ನೋಡಿರಲಿಲ್ಲ.